ಪದಚರ್ಚೆ: ‘ಸಾಮ್ ಟ್ಯೂನ್’ ರಾಗವೋ ಮಟ್ಟೋ? ‘ಗ್ಯಾದರಿಂಗ್ ನೋಟ್’ಗೆ ಏನನ್ನೋಣ?

16-17ನೇ ಶತಮಾನದ ಇಂಗ್ಲಿಷ್ ಛಂದೋಬದ್ಧ ಕೀರ್ತನೆಗಳ (‘ಸಾಮ್’) ಟ್ಯೂನುಗಳನ್ನು ಇಂದಿನ ಗಾಯನವೃಂದಗಳಿಗೆ ಸಿದ್ಧಪಡಿಸುವ ಕೆಲಸದ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾಲ್ಕೈದು ಪದಗಳು ಕೈಕೊಡುತ್ತವೆ. ‘ಕೀರ್ತನೆ’ ಎಂದೊಡನೆ ದಾಸರು ನೆನಪಾಗುವುದು ಸಹಜ. ಆದರೆ ಬೈಬಲಿನ ‘ಸಾಮ್ಸ್’ ಪುಸ್ತಕಕ್ಕೆ ಕನ್ನಡದಲ್ಲಿ ಇರುವ ಹೆಸರೇ ಅದು, ಅದನ್ನು ಬದಲಿಸುವ ಮಾತಿಲ್ಲ. ತೊಡಕಿರುವುದು ಮಿಕ್ಕವುಗಳಲ್ಲಿ.

ಮೊದಲು ‘ಟ್ಯೂನ್’. ‘ರಾಗ’ ಎಂದರೆ ಸಂಗೀತ ಬಲ್ಲವರು ಆರೋಹಣ-ಅವರೋಹಣ ಹುಡುಕುತ್ತಾರೆ. ‘ಧಾಟಿ’ ಹಾಡುವ ಶೈಲಿಗೂ ಸಲ್ಲುತ್ತದೆ. ನನ್ನ ಒಲವು ‘ಮಟ್ಟು’ ಕಡೆಗೆ. ಯಕ್ಷಗಾನದಲ್ಲಿ ಒಂದು ಮಟ್ಟಿಗೆ ಛಂದಸ್ಸು ಹೊಂದುವ ಬೇರೆ ಬೇರೆ ಪದ್ಯ ಕೂರುತ್ತವಲ್ಲ, ಇಲ್ಲೂ ಸಂಗತಿ ಅದೇ. 1562ರಲ್ಲಿ ಜಾನ್ ಡೇ ಅಚ್ಚು ಹಾಕಿದ ಸ್ಟರ್ನ್‌ಹೋಲ್ಡ್-ಹಾಪ್ಕಿನ್ಸ್ ಜೋಡಿಯ ಕೀರ್ತನೆಪುಸ್ತಕದಲ್ಲಿ ಬಹುಪಾಲು 8.6.8.6ರ (ನಾಲ್ಕು ಸಾಲಿಗೆ ಕ್ರಮವಾಗಿ ಇಷ್ಟಿಷ್ಟು ಅಕ್ಷರ) ‘ಕಾಮನ್ ಮೀಟರ್’. ಆ ಅಳತೆಯ ಯಾವ ಮಟ್ಟಿಗೂ ಆ ಅಳತೆಯ ಯಾವ ಕೀರ್ತನೆಯನ್ನೂ ಹಾಡಬಹುದು. ಮಟ್ಟು ಒಂದೇ ಕೀರ್ತನೆಗೆ ಕಟ್ಟುಬೀಳದ ಮೇಲೆ ಅದಕ್ಕೆ ಸ್ವಂತ ಹೆಸರು ಬೇಕು. 1621ರ ತಾಮಸ್ ರಾವೆನ್ಸ್‌ಕ್ರಾಫ್ಟ್ ಪುಸ್ತಕದಲ್ಲಿ ಯಾರ್ಕ್, ವಿಂಡ್ಸರ್ ಎಂದು ಊರ ಹೆಸರುಗಳೇ ಬಂದುಬಿಟ್ಟಿವೆ.

ಆ 8.6.8.6 ಎಣಿಕೆ ಅಕ್ಷರಗಳದ್ದು, ಮಾತ್ರೆಗಳದ್ದಲ್ಲ. ಒತ್ತು ಬೀಳುವ ಅಕ್ಷರವನ್ನು ‘ಗುರು’, ಬೀಳದ್ದನ್ನು ‘ಲಘು’ ಎಂದು ಕರೆಯುವುದನ್ನು ಅಲ್ಲಲ್ಲಿ ಕಂಡಿದ್ದೇನೆ. ಇಲ್ಲಿ ಅದು ದಾರಿ ತಪ್ಪಿಸುತ್ತದೆ, ಏಕೆಂದರೆ ಈ ಮಟ್ಟುಗಳಲ್ಲಿ ಒತ್ತಿಲ್ಲದ ಅಕ್ಷರವೇ ಉದ್ದ ಸ್ವರದ ಮೇಲೆ ಕೂರುವುದುಂಟು. ‘ಒತ್ತಕ್ಷರ’ವೂ ಆಗದು, ಅದು ಆಗಲೇ ಬೇರೆ ಕೆಲಸದಲ್ಲಿದೆ. ‘ಒತ್ತು ಬಿದ್ದ ಅಕ್ಷರ’ ಎಂದು ಬಿಡಿಸಿ ಹೇಳುವುದೇ ಕ್ಷೇಮ. ಎಣಿಸುವಾಗ ಹಳೆಯ ಉಚ್ಚಾರಣೆಯನ್ನೂ ನೋಡಬೇಕು: ‘ಸಾಲ್ವೇಶನ್’ ಆಗಿನ ಪದ್ಯದಲ್ಲಿ ಎಷ್ಟೋ ಕಡೆ ಸಾಲ್-ವೇ-ಸಿ-ಅನ್ ಎಂದು 4 ಅಕ್ಷರ. ಇಂದಿನಂತೆ 3 ಅಕ್ಷರ ಹಾಡಿದರೆ ಸಾಲಿನ ಕೊನೆಯಲ್ಲಿ ಒಂದು ಸ್ವರ ಅನಾಥವಾಗಿ ಉಳಿಯುತ್ತದೆ.

ಈಗ ‘ಗ್ಯಾದರಿಂಗ್ ನೋಟ್’. ಸಾಲಿನ ಮೊದಲ ಸ್ವರವನ್ನು ಉದ್ದಕ್ಕೆ ಹಿಡಿದು ಸಭೆಯೆಲ್ಲ ಒಂದೇ ಶ್ರುತಿಗೆ ಬಂದು ಸೇರಲು ಬಿಡುವುದು. ‘ಓಲ್ಡ್ ಹಂಡ್ರೆಡ್ತ್’ ನೋಡಿ. 1551ರ ಜಿನೀವಾ ಕೀರ್ತನೆಪುಸ್ತಕದಿಂದ ಬಂದ ಮಟ್ಟು. ಅಲ್ಲಿ 134ನೇ ಕೀರ್ತನೆಗಿದ್ದದ್ದು ಇಂಗ್ಲಿಷಿನಲ್ಲಿ 100ನೆಯದಕ್ಕೆ ಅಂಟಿಕೊಂಡಿತು. ಮೊದಲ ಸಾಲಿನ ಮೂಲ ಲಯ: ಒಂದು ಉದ್ದ, ನಾಲ್ಕು ಗಿಡ್ಡ, ಮೂರು ಉದ್ದ. ಸ್ವರಮೌಲ್ಯವನ್ನು ಅರ್ಧಕ್ಕಿಳಿಸಿ ಬರೆದರೆ ಒಂದು ಮಿನಿಮ್ (ಎರಡು ಕ್ರಾಚೆಟ್ಟಿನಷ್ಟು ಉದ್ದದ ಸ್ವರ), ನಾಲ್ಕು ಕ್ರಾಚೆಟ್, ಮೂರು ಮಿನಿಮ್, ಒಟ್ಟು 12 ಕ್ರಾಚೆಟ್. ನಾಲ್ಕು ನಾಲ್ಕರಂತೆ ಮೂರು ‘ಬಾರ್’ಗಳಿಗೆ (ಗೆರೆ ಎಳೆದು ಮಾಡುವ ತಾಳದ ಸಮ ತುಂಡುಗಳಿಗೆ) ಸರಿಹೋಯಿತೆಂದು ಮೊದಲ ಸ್ವರದಿಂದಲೇ ಬಾರ್ ಗೆರೆ ಹಾಕಿದಿರೋ, ಆ 100ನೆಯ ಕೀರ್ತನೆಯ ಮೊದಲ ಸಾಲು ‘ಆಲ್ ಪೀಪಲ್ | ದಟ್ ಆನ್ ಅರ್ತ್ | ಡೂ ಡ್ವೆಲ್’ ಎಂದು ‘ದಟ್’, ‘ಡೂ’ಗಳ ಮೇಲೆ ಪೆಟ್ಟು ಬೀಳುತ್ತದೆ. ಮೊದಲ ಮಿನಿಮನ್ನು ಅರ್ಧ ಬಾರಾಗಿ ಹೊರಗಿಟ್ಟರೆ ‘ಆಲ್ | ಪೀಪಲ್ ದಟ್ ಆನ್ | ಅರ್ತ್ ಡೂ | ಡ್ವೆಲ್’, ಪೆಟ್ಟು ಬೀಳಬೇಕಾದಲ್ಲೇ ಬೀಳುತ್ತದೆ. ಉಸಿರಿಗೆಂದು ಸಾಲಿನ ಕೊನೆಗೆ ಒಂದು ಮಿನಿಮ್ ವಿರಾಮ ಸೇರಿಸುವುದಾದರೆ ಆ ಬಾರನ್ನು 6 ಕ್ರಾಚೆಟ್ಟಿಗೆ ಹಿಗ್ಗಿಸಿ. ಮರೆತರೆ ಮುಂದಿನ ಸಾಲೆಲ್ಲ ಅರ್ಧ ಬಾರ್ ಜಾರಿಕೊಂಡು ಹೋಗುತ್ತದೆ. ಎಲ್ಲ ಸ್ವರವನ್ನೂ ಒಂದೇ ಉದ್ದಕ್ಕೆ ಕತ್ತರಿಸಿದ ರೂಪ ಅನೇಕ ಭಜನೆಪುಸ್ತಕಗಳಲ್ಲಿದೆ. ಹಾಡಲು ಸುಲಭ, ಆದರೆ ಮಟ್ಟಿನ ಜೀವವೇ ಹೋಗಿರುತ್ತದೆ.

ಇದಕ್ಕೆ ‘ಎತ್ತುಗಡೆ ಸ್ವರ’ ಎನ್ನೋಣವೆಂದರೆ, ಎತ್ತುಗಡೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಸ್ವರದ ಉದ್ದವಲ್ಲ. ‘ಕೂಡುಸ್ವರ’ ಹೇಗೆ? ಸಭೆ ಕೂಡುವುದಕ್ಕೆ ಎಂಬ ಅರ್ಥ ಬರುತ್ತದೆ, ಆದರೆ ಎರಡು ಸ್ವರ ಒಟ್ಟಿಗೆ ನುಡಿಯುವುದು ಎಂದೂ ಕೇಳಿಸಬಹುದು.

‘ಟೆನರ್’ (ಗಂಡಸರ ಎತ್ತರದ ಧ್ವನಿ) ಹಾಗೆಯೇ ಇರಲಿ, ಆದರೆ ವಿವರಣೆ ಬೇಕು. 1592ರ ತಾಮಸ್ ಈಸ್ಟ್ ಪುಸ್ತಕದಲ್ಲೂ ರಾವೆನ್ಸ್‌ಕ್ರಾಫ್ಟಿನಲ್ಲೂ ಮಟ್ಟು ಇರುವುದು ಟೆನರಿನಲ್ಲಿ, ಮೇಲಿನ ಧ್ವನಿಯಲ್ಲಲ್ಲ. ಇದನ್ನರಿಯದೆ ಸೊಪ್ರಾನೊ, ಅಂದರೆ ಆ ಮೇಲಿನ ಧ್ವನಿಯ, ಸಾಲನ್ನೇ ಮಟ್ಟೆಂದು ಸಭೆಗೆ ಕಲಿಸುವುದುಂಟು. ತಿಳಿದವರು ಟೆನರನ್ನು ಒಂದು ಸ್ಥಾಯಿ ಮೇಲೆತ್ತಿ ಸೊಪ್ರಾನೊಗೆ ಕೊಡುತ್ತಾರೆ. ಅಲ್ಲಿ ಬೇರೆ ಪೇಚು: ಆ ಎರಡು ಧ್ವನಿಗಳ ನಡುವೆ ನಿರಪಾಯವಾಗಿದ್ದ ಸಾಲುಸಾಲು ನಾಲ್ಕನೆಯ (ಸ-ಮ) ಅಂತರ ತಲೆಕೆಳಗಾಗಿ ಸಾಲುಸಾಲು ಐದನೆಯ (ಸ-ಪ) ಅಂತರವಾಗಿ ಕಿವಿಗೆ ಚುಚ್ಚುತ್ತದೆ. ವಿಲಿಯಂ ಡೇಮನ್‌ನ 1591ರ ಎರಡು ಪುಸ್ತಕಗಳಲ್ಲಿ ಒಂದಕ್ಕೆ ಮಟ್ಟು ಟೆನರಿನಲ್ಲಿ, ಇನ್ನೊಂದಕ್ಕೆ ಮೇಲಿನ ಧ್ವನಿಯಲ್ಲಿ. ಸುಮ್ಮನೆ ಅದಲುಬದಲು ಮಾಡಿದ್ದಲ್ಲ, ಬೇರೆಯೇ ಹೊಂದಾಣಿಕೆ. ಸಭೆ ಮಟ್ಟನ್ನು ಹಾಡಲಿ, ವೃಂದದ ಟೆನರುಗಳೂ ಅದನ್ನೇ ಹಾಡಲಿ, ಸೊಪ್ರಾನೊ ಮೇಲೆ ತೇಲಲಿ: ನನಗೆ ಒಪ್ಪುವ ದಾರಿ ಇದು.

ಕೊನೆಯದು ಸಂಪಾದಕರು ತಾವಾಗಿ ಸೇರಿಸುವ ಶಾರ್ಪ್-ಫ್ಲಾಟ್, ಅಂದರೆ ಸ್ವರವನ್ನು ಅರ್ಧ ಮೆಟ್ಟಿಲು ಏರಿಸುವ, ಇಳಿಸುವ ಚಿಹ್ನೆಗಳು. ಡಿ ಮೇಲೆ ನಿಲ್ಲುವ ಮಟ್ಟಿನಲ್ಲಿ ಮುಕ್ತಾಯಕ್ಕೆ ಮುನ್ನ ಸಿ ಬಂದರೆ ಅಂದಿನ ಗಾಯಕರು ಬರೆಯದಿದ್ದರೂ ಸಿ ಶಾರ್ಪ್ ಹಾಡುವರು. ನಮ್ಮ ಮಾತಿನಲ್ಲಿ ಕೈಶಿಕಿ ನಿಷಾದ ಕಾಕಲಿಯಾಗುವುದು. ಇದನ್ನು ಸ್ವರದ ಪಕ್ಕದಲ್ಲಲ್ಲ, ಮೇಲೆ ಸಣ್ಣದಾಗಿ ಹಾಕುವುದು ಪದ್ಧತಿ. ಮೂಲದ ಚಿಹ್ನೆ ಆ ಒಂದು ಸ್ವರಕ್ಕೆ ಮಾತ್ರ. ನಾವು ಬಾರ್ ಗೆರೆ ಹಾಕಿದ ಕೂಡಲೇ ಅದು ಬಾರ್ ಪೂರ್ತಿ ಹರಡುತ್ತದೆ, ಹಾಗಾಗಿ ಅದೇ ಬಾರಿನ ಮುಂದಿನ ಸಿಗೆ ನ್ಯಾಚುರಲ್ (ಅದನ್ನು ರದ್ದುಮಾಡುವ ಚಿಹ್ನೆ) ಬೇಕು. ಬಿ ಸ್ವರಕ್ಕೆ ಹಾಕಿದ ಹಳೆಯ ಶಾರ್ಪನ್ನು ಎಷ್ಟೋ ಸಲ ಬಿ ನ್ಯಾಚುರಲ್ ಎಂದೇ ಓದಬೇಕು.

ಗ್ರಂಥಸಂಪಾದನೆಯಲ್ಲಿ ಸಂಪಾದಕರು ಊಹಿಸಿ ಸೇರಿಸುವ ‘ಊಹಾಪಾಠ’ ಇದೆಯಲ್ಲ, ಅದರ ಜಾಡಿನಲ್ಲಿ ಇದನ್ನು ‘ಊಹಾಸ್ವರ’ ಎನ್ನಬಹುದೇ? ಹಾಗೆಯೇ ಬಾರ್ ಗೆರೆ, ಊಹಾಸ್ವರ, ಪಾಠಾಂತರಗಳವರೆಗೆ ‘ಸಂಪಾದನೆ’. ಟೆನರಿನ ಮಟ್ಟನ್ನು ಸೊಪ್ರಾನೊಗೆ ಏರಿಸಿದರೆ, ಲಯ ಸಮ ಮಾಡಿದರೆ ‘ಅಳವಡಿಕೆ’ ಎಂದು ಪುಟದ ಮೇಲೆಯೇ ನಮೂದಿಸುವುದು ಸರಿಯೆಂದು ನನ್ನ ಎಣಿಕೆ. ಇವೆರಡರ ನಡುವೆ ‘ಪರಿಷ್ಕರಣೆ’ಗೆ ಯಾವ ಜಾಗ? ಯಕ್ಷಗಾನದ ಮಟ್ಟು, ಗ್ರಂಥಸಂಪಾದನೆ ಎರಡರಲ್ಲೂ ಕೈಯಾಡಿಸಿದವರು ತಿಳಿಸಬೇಕು.