ಪದಚರ್ಚೆ: ಕರೆಂಟ್ ಬಿಲ್ಲಿನ ‘ಏಕರೂಪ ದರ’ ಮತ್ತು ‘ಬಹುದರ’

ಎಲ್ಲರಿಗೂ ನಮಸ್ಕಾರ.

ಕರೆಂಟ್ ಬಿಲ್ ಓದೋದು ಹೇಗೆ ಅಂತ ಕನ್ನಡದಲ್ಲಿ ಎರಡು ಪುಟ ಬರೆದುಕೊಡಿ ಎಂದು ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಕೇಳಿದ್ದಾರೆ. ಬರೆಯೋಕೆ ಕೂತರೆ ಸಿಂಗಲ್ ರೇಟ್, ಮಲ್ಟಿ ರೇಟ್ ಅನ್ನೋ ಎರಡು ಮಾತಿನಲ್ಲೇ ಗಾಡಿ ನಿಂತುಬಿಟ್ಟಿದೆ. ಮೊದಲನೆಯದಕ್ಕೆ ‘ಏಕರೂಪ ದರ’ ಅನ್ನೋದು ಪತ್ರಿಕೆಗಳಲ್ಲಿ ಕಾಣುತ್ತೆ. ಎರಡನೆಯದಕ್ಕೆ ಸಂಘದವರೊಬ್ಬರು ‘ಬಹುದರ’ ಅಂತ ಹಾಕಿ ಅಂದರು. ಎರಡೂ ನನಗೆ ಸರಿಹೋಗುತ್ತಿಲ್ಲ. ಯಾಕೆ ಅಂತ ಹೇಳ್ತೀನಿ, ಬಲ್ಲವರು ದಾರಿ ತೋರಿಸಿ.

ಮೊದಲು ಬಹುದರ. ಯೂನಿಟ್ಟಿಗೆ ಒಂದಕ್ಕಿಂತ ಜಾಸ್ತಿ ದರ ಇರೋಕೆ ಎರಡು ಬೇರೆ ಬೇರೆ ಕಾರಣ ಇರಬಹುದು. ಎಷ್ಟು ಉರಿಸಿದಿರಿ ಅನ್ನೋದು ಒಂದು, ಯಾವಾಗ ಉರಿಸಿದಿರಿ ಅನ್ನೋದು ಇನ್ನೊಂದು. ಬೆಂಗಳೂರಿನ ಮನೆಗಳಿಗೆ ಇದುವರೆಗೆ ಪರಿಚಯ ಇರೋದು ‘ಎಷ್ಟು’ ಮಾತ್ರ, ಅದನ್ನೇ ನಾವು ಸ್ಲ್ಯಾಬ್ ಅಂತೀವಿ (2024ರಲ್ಲಿ ಅದೂ ಹೋಯಿತು). ‘ಯಾವಾಗ’ ಗೊತ್ತಿರೋದು ಆಟೋದಲ್ಲಿ: ರಾತ್ರಿ ಹತ್ತು ದಾಟಿದರೆ ಬೆಳಿಗ್ಗೆ ಐದರವರೆಗೆ ಒಂದೂವರೆ ಪಟ್ಟು. ದೂರ ಅದೇ, ಮೀಟರ್ ಅದೇ, ಗಡಿಯಾರ ನೋಡಿ ದುಡ್ಡು.

ಈ ಎರಡನ್ನೂ ಒಂದೇ ಪದಕ್ಕೆ ತುಂಬಿದರೆ ಏನಾಗುತ್ತೆ ಅಂತ ಮನೆಯಲ್ಲೇ ನೋಡಿದೆ. ಅಕ್ಕನ ಮಗಳು ಇಂಗ್ಲೆಂಡಿನಲ್ಲಿದ್ದಾಳೆ. “ಮಾಮ, ಎರಡು ರೇಟ್ ಬೇಡ ಅಂತ ಸಿಂಗಲ್ ರೇಟ್‌ಗೆ ಹೋಗ್ತಿದ್ದೀನಿ” ಅಂತ ಮೆಸೇಜ್ ಮಾಡಿದಳು. ಅದನ್ನು ಕೇಳಿದ ಅಕ್ಕ, “ಅಲ್ಲೂ ಸ್ಲ್ಯಾಬ್ ತೆಗೆದ್ರಾ, ನಮ್ಮ ಹಾಗೇ ಆಯ್ತು ಬಿಡು” ಅಂದುಬಿಟ್ಟಳು. ಅಲ್ಲಿಯ ಕಥೆಯೇ ಬೇರೆ. ಎಕಾನಮಿ 7 ಅಂತ 1978ರಿಂದ ಒಂದು ವ್ಯವಸ್ಥೆ ಇದೆ, ರಾತ್ರಿ ಏಳು ಗಂಟೆಗಳ ಕಾಲ ಕರೆಂಟ್ ಅಗ್ಗ, ಉಳಿದ ಹೊತ್ತು ದುಬಾರಿ. ಮೀಟರಿನಲ್ಲಿ ರಾತ್ರಿಗೊಂದು ಹಗಲಿಗೊಂದು ಅಂತ ಎರಡು ರೀಡಿಂಗ್ ಇರುತ್ತೆ. ರಾತ್ರಿಯೆಲ್ಲ ಒಳಗಿನ ಇಟ್ಟಿಗೆ ಕಾಯಿಸಿಟ್ಟು ಹಗಲು ಬಿಸಿ ಬಿಡೋ ಹೀಟರ್ ಇದ್ದವರಿಗೆ ಅದು ಲಾಭ. ಇವಳ ಮನೆ ಬೆಚ್ಚಗಾಗೋದು ಗ್ಯಾಸಿನಲ್ಲಿ, ರಾತ್ರಿ ಓಡೋದು ಫ್ರಿಜ್ ಒಂದೇ. ಹಾಗಾಗಿ ಅಗ್ಗದ ಹೊತ್ತಿನಲ್ಲಿ ಮಲಗಿ ದುಬಾರಿ ಹೊತ್ತಿನಲ್ಲಿ ಅಡುಗೆ ಮಾಡ್ತಿದ್ದಳು. ಇಂಥವರು ಒಂದೇ ದರಕ್ಕೆ ಬದಲಾದರೆ ಎಷ್ಟೋ ಸಲ ಮೀಟರನ್ನೂ ಕೀಳೋದಿಲ್ಲ, ಎರಡೂ ರೀಡಿಂಗ್ ಕೂಡಿಸಿ ಬಿಲ್ ಹಾಕ್ತಾರೆ ಅಷ್ಟೇ.

ಅವಳು ಬಿಟ್ಟಿದ್ದು ಗಡಿಯಾರವನ್ನು, ನಮಗೆ ತಪ್ಪಿದ್ದು ಸ್ಲ್ಯಾಬು. ಅದಕ್ಕೇ ಬಹುದರ ಬೇಡ ಅನ್ನೋದು. ಗಡಿಯಾರದ್ದಕ್ಕೆ ‘ಹೊತ್ತಿನ ದರ’ ಅಂದರೆ ಹೇಗೆ? (ಕರೆಂಟಿನ ಪಕ್ಕ ‘ಹೊತ್ತು’ ಬಂದರೆ ಹೊತ್ತಿ ಉರಿಯೋದು ನೆನಪಾಗುತ್ತೆ ಅಂತ ನನ್ನ ಹೆಂಡತಿಯ ತಕರಾರು.)

ಇನ್ನು ಸ್ಲ್ಯಾಬಿನ ವಿಚಾರ. ನಿಜವಾದ ಗಂಟು ಇರೋದೇ ಇಲ್ಲಿ, ಏಕೆಂದರೆ ಸ್ಲ್ಯಾಬ್ ಅನ್ನೋ ಒಂದೇ ಪದ ಎರಡು ಲೆಕ್ಕಕ್ಕೆ ಓಡ್ತಿದೆ. 2023ರ ಆದೇಶದಲ್ಲಿ ಕೆಇಆರ್‌ಸಿ (ಕರೆಂಟ್ ದರ ಗೊತ್ತುಮಾಡೋ ರಾಜ್ಯದ ಆಯೋಗ) ಮನೆಗಳಿಗೆ ಎರಡು ಸ್ಲ್ಯಾಬ್ ಇಟ್ಟಿತ್ತು. 100 ಯೂನಿಟ್‌ವರೆಗೆ 4 ರೂಪಾಯಿ 75 ಪೈಸೆ, ಅದು ದಾಟಿದರೆ 7 ರೂಪಾಯಿ. ಇದನ್ನು ಕೇಳಿದ ಬಹಳ ಜನ ಆದಾಯ ತೆರಿಗೆಯ ಸ್ಲ್ಯಾಬ್ ಥರ ಅಂದುಕೊಂಡರು, ಅಂದರೆ ಮೇಲಿನದ್ದಕ್ಕೆ ಮಾತ್ರ 7 ರೂಪಾಯಿ ಅಂತ. ಹಾಗಿದ್ದಿದ್ದರೆ 101 ಯೂನಿಟ್ಟಿಗೆ 482 ರೂಪಾಯಿ ಆಗಬೇಕಿತ್ತು. ಆದರೆ 100 ದಾಟಿದರೆ ಪೂರ್ತಿ ಬಳಕೆಗೇ 7 ರೂಪಾಯಿ, ಅಂದರೆ 707. ಒಂದು ಯೂನಿಟ್ ಹಿಂದೆ ನಿಂತಿದ್ದರೆ 475. ಆ ವರ್ಷ ಮನೆಮನೆಯಲ್ಲೂ ಬಿಲ್ ಹಿಡಿದುಕೊಂಡು ನಡೆದ ಜಗಳದಲ್ಲಿ ಅರ್ಧ ಈ ಪದದ್ದೇ ಅಂತ ನನಗನಿಸುತ್ತೆ. ಹಳೆಯ ಸ್ಲ್ಯಾಬುಗಳಲ್ಲಿ ಮೇಲಿನದ್ದಕ್ಕೆ ಮಾತ್ರ ಜಾಸ್ತಿ ಇತ್ತು, ಪದ ಹಾಗೇ ಉಳಿಯಿತು, ಲೆಕ್ಕ ಬದಲಾಯಿತು.

ಮೇಲಿನದ್ದಕ್ಕೆ ಮಾತ್ರ ಜಾಸ್ತಿ ಹಾಕೋ ಬಗೆಯನ್ನು ಇಂಗ್ಲಿಷಿನವರು ಟೆಲಿಸ್ಕೋಪಿಕ್ ಅಂತಾರೆ. ಅದನ್ನು ‘ದೂರದರ್ಶಕೀಯ’ ಅಂತ ಮಾಡಿದರೆ ದೇವರೇ ಕಾಪಾಡಬೇಕು. ಮೇಲಿನದ್ದಕ್ಕೆ ಮಾತ್ರ ಏರೋದಕ್ಕೆ ‘ಮೆಟ್ಟಿಲು ದರ’, ದಾಟಿದರೆ ಪೂರ್ತಿಗೆ ಬೀಳೋದಕ್ಕೆ ‘ಗೆರೆ ದರ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಗೆರೆ ದಾಟೋದು ಅಂದರೆ ಎಲ್ಲರಿಗೂ ಗೊತ್ತಲ್ವಾ.

ಈ ಎರಡರ ವ್ಯತ್ಯಾಸ ಹಳೇ ಕಥೆ ಅಂತ ಬಿಡೋ ಹಾಗೂ ಇಲ್ಲ. 2024ರ ಏಪ್ರಿಲ್‌ನಿಂದ ಸ್ಲ್ಯಾಬ್ ಹೋಗಿ ಎಲ್ಲ ಯೂನಿಟ್ಟಿಗೂ 5 ರೂಪಾಯಿ 90 ಪೈಸೆ ಆಯಿತು. ಆದರೆ ಗೃಹಜ್ಯೋತಿಯಲ್ಲಿ ಮೆಟ್ಟಿಲು, ಗೆರೆ ಎರಡೂ ಕೂತಿವೆ. ನಿಮಗೆ 130 ಯೂನಿಟ್ ಉಚಿತ ಅಂತ ನಿಗದಿಯಾಗಿದೆ ಅಂದುಕೊಳ್ಳಿ. 150 ಬಳಸಿದರೆ ಮೇಲಿನ 20ಕ್ಕೆ ಮಾತ್ರ ದುಡ್ಡು. 200 ದಾಟಿದರೆ ಮೊದಲ ಯೂನಿಟ್ಟಿನಿಂದ ಪೂರ್ತಿ ಬಿಲ್. ಇದನ್ನು ನಮ್ಮ ಕಟ್ಟಡದ ಹಿರಿಯರಿಗೆ ವಿವರಿಸೋಕೆ ‘ಮೇಲಿನದ್ದಕ್ಕೆ’ ಮತ್ತು ‘ಎಲ್ಲದಕ್ಕೂ’ ಅನ್ನೋ ಎರಡು ಮಾತು ಸಾಕಾಯಿತು. ಬಹುಶಃ ಹೊಸ ಪದವೇ ಬೇಕಾಗಿಲ್ಲವೇನೋ.

‘ಏಕರೂಪ ದರ’ದ ಮೇಲೆ ನನ್ನ ದೂರು ಚಿಕ್ಕದು. ಬೆಂಗಳೂರಿಗೂ ಕಲಬುರಗಿಗೂ ಒಂದೇ ದರ ಇದ್ದರೆ ಅದನ್ನು ಏಕರೂಪ ಅನ್ನೋದು ಸರಿ, ಅದು ಊರೂರಿನ ನಡುವಿನ ಮಾತು. ಒಂದೇ ಮನೆಯ ಮೊದಲ ಯೂನಿಟ್ಟಿಗೂ ಕೊನೆಯ ಯೂನಿಟ್ಟಿಗೂ ಒಂದೇ ಬೆಲೆ ಅನ್ನೋದಕ್ಕೆ ಸುಮ್ನೆ ‘ಒಂದೇ ದರ’ ಅಂದರೆ ಏನು ಕಡಿಮೆಯಾಯಿತು?

ಆದರೆ ‘ಒಂದೇ ದರ’ ಅಂದ ತಕ್ಷಣ ಜನ ಬಿಲ್ಲನ್ನು ಯೂನಿಟ್ಟಿನಿಂದ ಭಾಗಿಸಿ ನೋಡ್ತಾರೆ, ಉತ್ತರ ಹೊಂದೋದಿಲ್ಲ. 2025-26ರ ದರ ತೆಗೆದುಕೊಳ್ಳಿ: ಯೂನಿಟ್ಟಿಗೆ 5 ರೂಪಾಯಿ 80 ಪೈಸೆ, ಜೊತೆಗೆ ನೌಕರರ ಪಿಂಚಣಿಗೆ ಅಂತ 36 ಪೈಸೆ, ಮೇಲೆ ಮನೆಗೆ ಮಂಜೂರಾದ ಲೋಡಿನ ಪ್ರತಿ ಕಿಲೋವ್ಯಾಟಿಗೆ 145 ರೂಪಾಯಿ. 3 ಕಿಲೋವ್ಯಾಟಿನ ಮನೆ 100 ಯೂನಿಟ್ ಬಳಸಿದರೆ 580, 36, 435 ಸೇರಿ 1,051, ತೆರಿಗೆ ಬೇರೆ. ಯೂನಿಟ್ಟಿಗೆ ಹತ್ತು ರೂಪಾಯಿ ದಾಟಿತು! ಆ 435ಕ್ಕೆ ಬಿಲ್ಲಿನಲ್ಲಿ ‘ನಿಗದಿತ ಶುಲ್ಕ’ ಅಂತಿದೆ, ಬಾಯಲ್ಲಿ ಎಲ್ಲರೂ ‘ಮಿನಿಮಮ್’ ಅಂತಾರೆ. ಅದು ಮಿನಿಮಮ್ ಅಲ್ಲ, ಒಂದು ಯೂನಿಟ್ ಉರಿಸದಿದ್ದರೂ ಉರಿಸಿದರೂ ಕಟ್ಟೋದು. ಹಾಗಾಗಿ ಯೂನಿಟ್ಟಿನ ಬೆಲೆಗೆ ಮಾತ್ರ ‘ದರ’, ಒಟ್ಟಾಗಿ ಬೀಳೋದಕ್ಕೆ ‘ಶುಲ್ಕ’ ಅಂತ ಇಟ್ಟುಕೊಂಡಿದ್ದೇನೆ. ಟ್ಯಾರಿಫ್ ಅನ್ನೋದಕ್ಕೆ ಬಿಲ್ಲಿನಲ್ಲಿ ‘ಜಕಾತಿ’ ಅಂತ ಅಚ್ಚಾಗಿರೋದನ್ನು ನೋಡಿದ್ದೀರಾ? ಸುಂಕದ ಕಟ್ಟೆಯ ಪದ, ನನಗಂತೂ ಬಹಳ ಇಷ್ಟ, ಆದರೆ ಇವತ್ತಿನ ಹುಡುಗರಿಗೆ ಅರ್ಥವಾಗೋದಿಲ್ಲ.

ಹೊತ್ತಿನ ದರಕ್ಕೆ ಈಗಲೇ ಪದ ಬೇಕು. 2023ರ ಕೇಂದ್ರದ ನಿಯಮದ ಪ್ರಕಾರ ಸ್ಮಾರ್ಟ್ ಮೀಟರ್ ಬಂದ ಮನೆಗಳಿಗೂ ಹೊತ್ತು ನೋಡಿ ದರ ಹಾಕಬೇಕು, ಬಿಸಿಲಿದ್ದಾಗ ಅಗ್ಗ, ಬೇಡಿಕೆ ಜಾಸ್ತಿ ಇರೋ ಹೊತ್ತಿಗೆ ದುಬಾರಿ. ಆ ದುಬಾರಿ ಹೊತ್ತಿಗೆ ‘ಪೀಕ್ ಅವರ್’ ಬಿಟ್ಟು ನಿಮ್ಮ ಕಡೆ ಬೇರೆ ಮಾತಿದೆಯಾ? ಹುಬ್ಬಳ್ಳಿ, ಮಂಗಳೂರು ಕಡೆಯ ಲೈನ್‌ಮ್ಯಾನ್‌ಗಳು, ಮೀಟರ್ ರೀಡರ್‌ಗಳು ತಮ್ಮತಮ್ಮಲ್ಲಿ ಏನನ್ನುತ್ತಾರೆ ಅಂತ ಗೊತ್ತಿದ್ದವರು ತಿಳಿಸಿ, ನಿಘಂಟಿನ ಪದಕ್ಕಿಂತ ಮೊದಲು ನನಗೆ ಅದು ಬೇಕು.