ಖಾಲಿ ನಿವೇಶನಗಳ ಪೊದೆ ಮತ್ತು ಹಾವುಗಳ ಸಂಚಾರ: ಭಾನುವಾರದ ಕೆಲಸದ ಬಗ್ಗೆ

ಸಂಘದ ಕಾರ್ಯದರ್ಶಿ:
ಆತ್ಮೀಯ ನಿವಾಸಿಗಳೇ, ನಿನ್ನೆ ಸಂಜೆ ನಾಲ್ಕನೇ ಅಡ್ಡರಸ್ತೆಯ ಮನೆಯೊಂದರ ನೀರಿನ ತೊಟ್ಟಿಯ ಪಕ್ಕ, ಒಣಗಿದ ತೆಂಗಿನ ಗರಿಗಳ ರಾಶಿಯಲ್ಲಿ ಕೊಳಕುಮಂಡಲವೊಂದು ಸುರುಳಿ ಸುತ್ತಿ ಮಲಗಿತ್ತು. ಬೆನ್ನಿನ ಮೇಲೆ ಸಾಲುಗಟ್ಟಿದ ಕಂದು ಮಚ್ಚೆಗಳು ಗರಿಯ ಬಣ್ಣದಲ್ಲಿ ಬೆರೆತುಹೋಗಿದ್ದರಿಂದ, ಅದು ಕುಕ್ಕರಿನ ಹಾಗೆ ಜೋರಾಗಿ ಬುಸುಗುಟ್ಟುವವರೆಗೂ ಮನೆಯವರ ಕಣ್ಣಿಗೆ ಬಿದ್ದಿರಲಿಲ್ಲ. ಅರಣ್ಯ ಇಲಾಖೆಗೆ ತಿಳಿಸಿದ ಬಳಿಕ ತರಬೇತಿ ಪಡೆದವರು ಬಂದು ಅದನ್ನು ಹಿಡಿದೊಯ್ದರು, ಯಾರಿಗೂ ಅಪಾಯವಾಗಲಿಲ್ಲ. ಸುತ್ತಲಿನ ಹೊಲಗಳಲ್ಲಿ ಕಬ್ಬಿನ ಕಟಾವು ನಡೆಯುತ್ತಿರುವುದರಿಂದ ಅಲ್ಲಿಂದ ಚದುರಿದ ಇಲಿಗಳು ನಮ್ಮ ಖಾಲಿ ನಿವೇಶನಗಳ ಪಾರ್ಥೇನಿಯಂ ಪೊದೆಗಳನ್ನು ಸೇರುತ್ತಿವೆ, ಅವುಗಳ ಬೆನ್ನಿಗೇ ಹಾವುಗಳೂ ಬರುತ್ತಿವೆ. ಈ ಭಾನುವಾರ ಬೆಳಿಗ್ಗೆ ಏಳೂವರೆಗೆ ಪೊದೆ ತೆರವಿಗೆ ಎಲ್ಲರೂ ಸೇರಬೇಕೆಂದು ವಿನಂತಿ.

ಎರಡನೇ ಅಡ್ಡರಸ್ತೆಯ ನಿವಾಸಿ:
ಸಾರ್, ಮಕ್ಕಳು ಆಡುವ ಜಾಗವಿದು. ಕಂಡ ಹಾವನ್ನು ಕೊಲ್ಲದೆ ಬಿಟ್ಟರೆ ಅದು ಮತ್ತೆ ಬರುವುದಿಲ್ಲವೇ? ಉದ್ಯಾನದ ಮೂಲೆಯಲ್ಲಿರುವ ಹುತ್ತವನ್ನೂ ಜೆಸಿಬಿ ತರಿಸಿ ತೆಗೆಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮೊದಲನೇ ಮುಖ್ಯರಸ್ತೆಯ ಹಿರಿಯ ನಿವಾಸಿ:
ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ; ನನ್ನ ಮೊಮ್ಮಕ್ಕಳೂ ಅಲ್ಲೇ ಆಡುತ್ತಾರೆ. ಆದರೆ ಕೋಲು ಹಿಡಿದು ಹಾವಿನ ಹತ್ತಿರ ಹೋದಾಗಲೇ ಕಚ್ಚಿಸಿಕೊಳ್ಳುವ ಸಂಭವ ಹೆಚ್ಚು. ಕಳೆದ ತಿಂಗಳು ನಮ್ಮ ಬೀದಿಯಲ್ಲಿ ನಾಗರಹಾವೆಂದು ಬಡಿದು ಕೊಂದದ್ದು ವಿಷವೇ ಇಲ್ಲದ, ಇಲಿ ತಿಂದು ಬದುಕುವ ಕೇರೆಹಾವು. ನಾಗರ, ಕೊಳಕುಮಂಡಲ, ಕೇರೆ ಇವೆಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ ಎಂಬುದನ್ನೂ ಗಮನಿಸಬೇಕು. ಹುತ್ತ ಕಟ್ಟಿದ್ದು ಗೆದ್ದಲು. ಅದನ್ನು ಒಡೆದರೆ ಒಳಗೆ ಹಾವಿದ್ದಲ್ಲಿ ಅದು ಬೇರೆ ಆಸರೆ ಹುಡುಕಿಕೊಂಡು ಮನೆಗಳ ಕಡೆಗೇ ಹೊರಡುತ್ತದೆ. ನಾಗರಪಂಚಮಿಯಂದು ಅಲ್ಲಿಗೆ ತನಿ ಎರೆಯಲು ಬರುವ ಹೆಣ್ಣುಮಕ್ಕಳ ಭಾವನೆಯೂ ನಮಗೆ ಮುಖ್ಯ. ಹುತ್ತದ ಸುತ್ತ ಬೇಲಿ ಹಾಕಿಸಿದರೆ ಸಾಕು.

ಮೂರನೇ ಅಡ್ಡರಸ್ತೆಯ ನಿವಾಸಿ, ನಿವೃತ್ತ ಶುಶ್ರೂಷಕಿ:
ಕಟ್ಟುಹಾವಿನ ಬಗ್ಗೆ ಎಲ್ಲರೂ ತಿಳಿದಿರಲೇಬೇಕು. ಅದು ರಾತ್ರಿ ಸಂಚರಿಸುತ್ತದೆ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ಕಚ್ಚಿದ ಜಾಗದಲ್ಲಿ ನೋವಾಗಲಿ ಊತವಾಗಲಿ ಹೆಚ್ಚಾಗಿ ಕಾಣುವುದಿಲ್ಲ. ನಸುಕಿನಲ್ಲಿ ಹೊಟ್ಟೆನೋವೆಂದು ಎದ್ದವರಿಗೆ ರೆಪ್ಪೆ ಜೋತುಬಿದ್ದು ಮಾತು ತೊದಲತೊಡಗಿದರೆ ಹಾವಿನ ಕಡಿತವನ್ನು ಶಂಕಿಸಲೇಬೇಕು. ಆದ್ದರಿಂದ ಮಂಚದ ಮೇಲೆ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿಕೊಂಡು ಮಲಗಿ. ಯಾರಿಗಾದರೂ ಹಾವು ಕಚ್ಚಿದರೆ ಹಗ್ಗ ಬಿಗಿಯಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ನಾಟಿ ಔಷಧಿಗೆಂದು ಹೊತ್ತು ಕಳೆಯಬೇಡಿ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗಾಡದಂತೆ ಮರದ ಪಟ್ಟಿ ಕಟ್ಟಿ, ಕಚ್ಚಿದ ಸಮಯ ಬರೆದಿಟ್ಟುಕೊಂಡು, 108ಕ್ಕೆ ಕರೆ ಮಾಡಿ, ವಿಷಕ್ಕೆ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸಾಗಿಸಬೇಕು. ಹಾವನ್ನು ಹಿಡಿದು ತರುವ ಅಗತ್ಯವಿಲ್ಲ. ನಮ್ಮಲ್ಲಿ ಸಿಗುವ ಚುಚ್ಚುಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಒಂದೇ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ.

ಎರಡನೇ ಅಡ್ಡರಸ್ತೆಯ ನಿವಾಸಿ:
ಧನ್ಯವಾದ ಮೇಡಂ. ಹುತ್ತದ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಬೇಲಿಯ ತಂತಿಯ ಖರ್ಚು ನನ್ನದಿರಲಿ. ಆದರೆ ಬೇರೆ ಊರಿನಲ್ಲಿರುವ ನಿವೇಶನದ ಮಾಲೀಕರನ್ನು ಏನು ಮಾಡುವುದು?

ಸಂಘದ ಕಾರ್ಯದರ್ಶಿ:
ಅವರಿಗೆ ಈ ವಾರವೇ ಸಂಘದಿಂದ ಪತ್ರ ಹೋಗುತ್ತದೆ. ಅದರ ಪ್ರತಿಯನ್ನೂ ಬೀದಿದೀಪಗಳ ದುರಸ್ತಿಯ ಮನವಿಯನ್ನೂ ಗ್ರಾಮ ಪಂಚಾಯಿತಿಗೆ ಖುದ್ದಾಗಿ ಕೊಡುತ್ತೇನೆ. ಮಾಂಸದಂಗಡಿಯ ತ್ಯಾಜ್ಯವನ್ನು ನಾಲೆಯ ಏರಿಯ ಮೇಲೆ ಸುರಿಯುವುದು ನಿಲ್ಲದಿದ್ದರೆ ಇಲಿ ಕಡಿಮೆಯಾಗುವುದಿಲ್ಲ, ಇಲಿ ಇದ್ದಷ್ಟು ದಿನ ಹಾವೂ ಬರುತ್ತದೆ. ಆ ಅಂಗಡಿಯವರೊಂದಿಗೆ ಶನಿವಾರ ಮಾತನಾಡಲು ನನ್ನ ಜೊತೆ ಇಬ್ಬರು ಬರಬೇಕು. ಭಾನುವಾರ ಬರುವವರು ದಪ್ಪನೆಯ ಬೂಟು ಧರಿಸಿ ಬನ್ನಿ, ಮಕ್ಕಳನ್ನು ಕರೆತರಬೇಡಿ. ಇಟ್ಟಿಗೆ, ಗರಿ, ಸೌದೆಯ ರಾಶಿಗೆ ಯಾರೂ ಕೈ ಹಾಕಕೂಡದು. ಉದ್ದನೆಯ ಕವೆಗೋಲಿನಿಂದ ಮೇಲಿನಿಂದ ಒಂದೊಂದಾಗಿ ಸರಿಸಬೇಕು, ಹಾವು ಕಂಡರೆ ಕೆಲಸ ನಿಲ್ಲಿಸಿ ಹಿಂದೆ ಸರಿದು ನನಗೆ ತಿಳಿಸಬೇಕು.