ಸಹಾಯ ಬೇಕು: ರೀಇಟರೇಟ್, ರೀಅಫರ್ಮ್ ಬಳಕೆಗೆ ಉದಾಹರಣೆ ವಾಕ್ಯಗಳು

ಅನುವಾದಕರಿಗಾಗಿ ಒಂದು ಟಿಪ್ಪಣಿ ಸಿದ್ಧವಾಗುತ್ತಿದೆ. ಒತ್ತಿ ಹೇಳುವ ಇಂಗ್ಲಿಷ್ ಕ್ರಿಯಾಪದಗಳ ವಿಂಗಡಣೆ ಸದ್ಯಕ್ಕೆ ಹೀಗಿದೆ: ಪುರಾವೆ ಕೊಡದೆಯೂ ಖಡಾಖಂಡಿತವಾಗಿ ಹೇಳಿದರೆ ಅಸರ್ಟ್, ಎದುರುವಾದ ಬಂದರೂ ಅದನ್ನೇ ಹೇಳುತ್ತಿದ್ದರೆ ಮೇಂಟೇನ್, ನಿಜವೆಂದು ದೃಢಪಡಿಸಿದರೆ ಅಫರ್ಮ್. ಕೆಳ ನ್ಯಾಯಾಲಯದ ತೀರ್ಪನ್ನು ಮೇಲಿನ ನ್ಯಾಯಾಲಯ ಎತ್ತಿಹಿಡಿದರೂ ಅಫರ್ಮ್ ಎಂದೇ ಬರೆಯುತ್ತಾರೆ.

ಹೆಚ್ಚು ಎಡವುವುದು ಇನ್ಸಿಸ್ಟ್‌ನಲ್ಲಿ. ‘ಹಿ ಇನ್ಸಿಸ್ಟೆಡ್ ದಟ್ ಶಿ ವಾಸ್ ಪ್ರೆಸೆಂಟ್’ ಎಂದರೆ ಅವಳು ಅಲ್ಲಿದ್ದಳೆಂದು ಸಾಧಿಸಿದ. ‘ವಾಸ್’ ಜಾಗದಲ್ಲಿ ‘ಬಿ’ ಬಂದರೆ, ಅವಳು ಇರಲೇಬೇಕೆಂದು ಪಟ್ಟು ಹಿಡಿದ. ಇಷ್ಟು ಸಣ್ಣ ಬದಲಾವಣೆಗೆ ಇಡೀ ವಾಕ್ಯ ತಲೆಕೆಳಗಾಗುತ್ತದೆ, ದಯವಿಟ್ಟು ಹಗುರವಾಗಿ ನೋಡಬೇಡಿ. ಇನ್ಸಿಸ್ಟ್ ನಂತರ ‘ಆನ್’ ಸರಿ. ‘ರೀಇಟರೇಟ್ ಅಬೌಟ್’ ತಪ್ಪು.

ಈಗ ಬೇಕಿರುವ ಸಹಾಯ. ರೀಇಟರೇಟ್ ಎಂದರೆ ಹೇಳಿದ್ದನ್ನೇ ಮತ್ತೆ ಹೇಳುವುದು. ರೀಅಫರ್ಮ್ ಎಂದರೆ ಹಿಂದಿನ ನಿಲುವು ಅಥವಾ ಬದ್ಧತೆ ಇಂದಿಗೂ ಗಟ್ಟಿಯಾಗಿದೆ ಎಂದು ಸಾರುವುದು. ಕನ್ನಡದಲ್ಲಿ ಎರಡಕ್ಕೂ ‘ಪುನರುಚ್ಚರಿಸಿದರು’ ಎಂದೇ ಹಾಕಿದರೆ ಎರಡನೆಯದರ ಜೀವವೇ ಹೋಗುತ್ತದೆ. ‘ಬದ್ಧತೆಯನ್ನು ಮತ್ತೊಮ್ಮೆ ದೃಢಪಡಿಸಿದರು’ ವಾಸಿ, ಆದರೆ ಶೀರ್ಷಿಕೆಗೆ ಉದ್ದ. ಇದಕ್ಕಿಂತ ಚಿಕ್ಕದು ಹೊಳೆದರೆ ತಿಳಿಸಿ. ಬಿಡಿ ಪದ ಸಾಲದು, ಕರ್ಮಪದ ಸಮೇತ ಪೂರ್ತಿ ವಾಕ್ಯ ಬರೆಯಿರಿ.